ಅರ್ಧ ತಲೆ

"ಹಜಾಮನ್ನ ಹಜಾಮ ಅನ್ದೆ ಇನ್ನೇನ್ ಕಲೆಕ್ಟ್ರು ಅನ್ಬೇಕೇನ್ಲಾ, ಬೋಳಿಮಗ್ನೆ?"

ಚಿಕ್ಕಣ್ಣ ಅಂಗಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡು ಕೇಳುತ್ತಿದ್ದ. ವಿಜಯನಗರದ ಆ ಕಟ್ಟಡ ಅವನದು. ಒಳಗೆ, ನೆಲಕ್ಕೆ ಬೋಲ್ಟ್ ಹಾಕಿದ್ದ ಕುರ್ಚಿಯಲ್ಲಿ ಗಿರಾಕಿಯೊಬ್ಬ ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿಕೊಂಡೇ ಇದ್ದ. ಮುನಿರಾಜು ಕತ್ತಿಯನ್ನು ಅವನ ಮುಖದಿಂದ ದೂರ ಹಿಡಿದಿದ್ದ.

"ನಮ್ಮೋರ ಸಂಘದೋರು ಬಂದು ಬೋರ್ಡಿನ್ ಮೇಲೆ ಕಂಪ್ಲೇಂಟು, ಸೈನ್ ಹಾಕು ಅಂದ್ರಣ್ಣ, ಹಾಕ್ದೆ."

"ನನ್ ಗೋಡೆ, ನನ್ ಬೋರ್ಡು. ಕಂಪ್ಲೇಂಟ್ ವಾಪಸ್ ತಗೋ. ಇಲ್ಲಾಂದ್ರೆ ಭಾನುವಾರ ಕುರ್ಚಿ ಕಿತ್ಕೊಂಡು ಹೋಗ್ತಾ ಇರು."

ಮುನಿರಾಜುವಿನ ಹೆಂಡತಿ ಶೈಲಾ, ಮನೆಮನೆಗೆ ಹೋಗಿ ಹೆಂಗಸರ ಕೂದಲು ಕತ್ತರಿಸುವವಳು, ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲೇ ನಿಂತಿದ್ದಳು. ಅವಳ ತಲೆಯ ಮೇಲೆ ಆ ಬೋರ್ಡು. ಕ್ಷೌರದಂಗಡಿಗಳಿಗೆಲ್ಲ ರಜವಿರುವ ಮಂಗಳವಾರ ನೋಡಿಯೇ ಹೋದ ವಾರ, ಚಿಕ್ಕಣ್ಣನಿಗೆ ಗೋಡೆಯ ಬಾಡಿಗೆ ಕೊಟ್ಟು, ಯಾವುದೋ ಆ್ಯಪ್ ಕಂಪನಿಯವರು ಹಾಕಿ ಹೋಗಿದ್ದರು. ಗಡ್ಡ ನೀವಿಕೊಳ್ಳುವ ಹುಡುಗನ ಚಿತ್ರ. ಕೆಳಗೆ ಆಳೆತ್ತರದ ಅಕ್ಷರ: 'ಹಜಾಮನ ಮುಂದೆ ಯಾಕೆ ಕಾಯ್ತೀಯಾ ಗುರು? ಸ್ಟೈಲಿಸ್ಟ್ ಮನೆಗೇ ಬರ್ತಾನೆ!'

ಚಿಕ್ಕಣ್ಣ ಹೋದ ಮೇಲೆ ಮುನಿರಾಜು ಉಳಿದ ಕೆನ್ನೆ ಮುಗಿಸಿದ. ಮುಗಿಸದೆ ಬಿಡುವ ಹಾಗಿರಲಿಲ್ಲ. ಮದುವೆಯಾಗಿ ಬಂದ ವರ್ಷ ಅತ್ತೆ ಶೈಲಾಳ ಕೈಗೆ ಕತ್ತರಿ ಕೊಟ್ಟು ಹೇಳಿದ್ದೂ ಅದನ್ನೇ. ಯಾರು ಏನೇ ಅನ್ನಲಿ, ಹಿಡಿದ ತಲೆ ಮುಗಿಸಿಯೇ ಕೈ ತೊಳಿ. ಅರ್ಧಕ್ಕೆ ಬಿಟ್ಟವರ ಕೈಗೆ ಆಮೇಲೆ ಯಾರೂ ತಲೆ ಕೊಡುವುದಿಲ್ಲ.

ಬಸವೇಶ್ವರನಗರದ ವತ್ಸಲಾ ಮೇಡಂ ಕಾಲೇಜಿನಲ್ಲಿ ಪಾಠ ಹೇಳುವವರು. ಕೂದಲು ಕತ್ತರಿಸಲು ಎಷ್ಟು ಸಲ ಹೋದರೂ ಅವರ ಮನೆಯ ಒಳಗನ್ನು ಶೈಲಾ ಕಂಡವಳಲ್ಲ. ಹೊರಗಿನ ಮೆಟ್ಟಿಲು ಹತ್ತಿದರೆ ಬಾಲ್ಕನಿ. ಅಲ್ಲಿ ಹಳೆಯ ಪೇಪರು ಹಾಸಿ, ಮೇಲೊಂದು ಸ್ಟೂಲು. ಕೂದಲು ಕತ್ತರಿಸಿದ್ದಾದ ಮೇಲೆ ಮೇಡಂ ಏನನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗುತ್ತಾರೆ. ಸ್ಟೂಲಿನ ಮೇಲೆ ಒಂದು ಬಕೆಟ್ ನೀರು ಬೀಳುತ್ತದೆ.

ಇಂದು ಬಾಗಿಲ ಒಳಗೆ ಮಗ ಅಭಿನವ್ ಮೊಬೈಲು ಹಿಡಿದು ನಿಂತಿದ್ದ. ಜಾಹೀರಾತು ಬರೆಯುವುದು ಅವನ ಕೆಲಸ. ಆ ಬೋರ್ಡಿನ ಸಾಲು ಅವನದೇ ಎಂಬುದು ತಾಯಿ ಮಗನ ಜಗಳದಿಂದಲೇ ಶೈಲಾಗೆ ತಿಳಿಯಿತು.

"ಆ ಪದ ತಪ್ಪು ಕಣೋ. ಒಂದು ಸಮುದಾಯಕ್ಕೆ ನೋವಾಗತ್ತೆ. ಮೊನ್ನೆ ಸೆಮಿನಾರಲ್ಲಿ ಇದನ್ನೇ ಮಾತಾಡ್ದೆ ನಾನು."

"ಹ್ಯೂಮರ್ ಅಮ್ಮ ಅದು. ಡೈಲಿ ಎಲ್ರ ಬಾಯಲ್ಲೂ ಇರತ್ತೆ. ಪ್ಲಂಬರ್ ಬಂದು ನಲ್ಲಿ ಕೆಡಿಸಿದಾಗ 'ಒಳ್ಳೆ ಹಜಾಮತ್ ಮಾಡಿಟ್ಟಿದಾನೆ' ಅಂದಿದ್ದು ಯಾರು?"

"ಬಾಯ್ತಪ್ಪಿ ಬಂದಿದ್ದು ಅದು. ಬೋರ್ಡು ಬಾಯ್ತಪ್ಪಿ ಬರತ್ತಾ? ಶೈಲಾ, ಸ್ವಲ್ಪ ಈಚೆ ಬಾ. ಬಾಗಿಲಿಗೆ ತಾಗ್ಬೇಡ, ಒರೆಸಿದೀನಿ."

ಶೈಲಾ ಈಚೆ ಬಂದಳು. ಮೇಡಂ ಅವರ ಸೊಂಟದವರೆಗಿದ್ದ ಕೂದಲನ್ನು ಎರಡು ಭಾಗ ಮಾಡಿ, ಬಲಗಡೆಯದನ್ನು ಭುಜದವರೆಗೆ ಕತ್ತರಿಸಿದ್ದಳು. ಆ ಪದದಿಂದ ನೋವಾಗುತ್ತದೋ ಇಲ್ಲವೋ ಎಂದು ಅವಳನ್ನು ನಡುವೆ ನಿಲ್ಲಿಸಿಕೊಂಡೇ ಇಬ್ಬರೂ ವಾದಿಸುತ್ತಿದ್ದರು. ರವಿಕೆಯೊಳಗೆ ಸೇರಿಕೊಂಡ ಕೂದಲಿನ ಚೂರಿನಂತೆ ಆ ಪದ. ದಿನವಿಡೀ ಚುಚ್ಚುತ್ತದೆ, ಹುಡುಕಿದರೆ ಕೈಗೆ ಸಿಗುವುದಿಲ್ಲ. ಇದನ್ನು ಯಾರಿಗೆ ಹೇಗೆ ತೋರಿಸುವುದು?

"ಆಂಟಿ, ನೀವೇ ಹೇಳಿ," ಅಭಿನವ್ ಮೊಬೈಲನ್ನು ಅವಳ ಮುಖಕ್ಕೆ ಹಿಡಿದ. "ಕಂಪ್ಲೇಂಟ್‌ಗೆ ಸೈನ್ ಹಾಕಿರೋದು ನಿಮ್ಮ ಯಜಮಾನ್ರಂತೆ, ಚಿಕ್ಕಣ್ಣ ಹೇಳಿದ್ರು. 'ನಮಗೇನೂ ಬೇಜಾರಿಲ್ಲ, ತಮಾಷೆ ಅಷ್ಟೇ' ಅಂದ್ಬಿಡಿ, ಸಾಕು. ನಿಮ್ಮ ಅಂಗಡಿ ಉಳಿಯತ್ತೆ. ನಾನೇ ಮಾತಾಡ್ತೀನಿ ಅವರ ಹತ್ರ."

ಶೈಲಾ ಮೇಡಂ ಕಡೆ ನೋಡಿದಳು.

"ಹೇಳ್ಬಿಡು ಶೈಲಾ," ಎಂದರು ವತ್ಸಲಾ. "ತಾತ್ವಿಕವಾಗಿ ನಾನು ಒಪ್ಪಲ್ಲ. ಆದ್ರೆ ಪಾಪ, ಅವನ ಕೆಲಸದ ಪ್ರಶ್ನೆ."

ಮೊಬೈಲಿನಲ್ಲಿ ವಿಡಿಯೋ ರೆಕಾರ್ಡಿನ ಕೆಂಪು ಚುಕ್ಕೆ ಹತ್ತಿಕೊಂಡಿತ್ತು. ಭಾನುವಾರ ದೂರವಿರಲಿಲ್ಲ. "ನಮಗೇನೂ..." ಎಂದು ಶುರುಮಾಡಿದ ಶೈಲಾ ನಿಂತಳು. ಸಿಟ್ಟು ಬರಲಿಲ್ಲ. ಇಡೀ ದಿನ ನಿಂತ ಕಾಲು ಸಂಜೆ ಭಾರವಾಗುವ ಹಾಗೆ ನಾಲಿಗೆ ಭಾರವಾಯಿತು. ಕತ್ತರಿಯನ್ನು ಸೆರಗಿಗೆ ಒರೆಸಿ ಬ್ಯಾಗಿಗೆ ಹಾಕಿದಳು. ಬಾಚಣಿಗೆಯನ್ನೂ ಹಾಕಿದಳು.

"ಯಾಕೆ, ಮುಗೀತಾ?" ವತ್ಸಲಾ ಎಡಗಡೆ ಕೈಯಾಡಿಸಿದರು. ಕೂದಲು ಸೊಂಟದವರೆಗೂ ಇತ್ತು.

"ಇಲ್ಲ ಮೇಡಂ."

"ಮತ್ತೆ?"

"ಸ್ಟೈಲಿಸ್ಟ್ ಮನೆಗೇ ಬರ್ತಾನಂತೆ."

ಮೆಟ್ಟಿಲಿಳಿದು ಗೇಟು ದಾಟಿ ತಿರುಗಿ ನೋಡಿದಳು. ಕುತ್ತಿಗೆಗೆ ಶೈಲಾಳ ಬಟ್ಟೆ ಕಟ್ಟಿಕೊಂಡೇ ವತ್ಸಲಾ ಪೇಪರಿನ ಮೇಲೆ ನಿಂತಿದ್ದರು, ಅದರಿಂದಾಚೆ ಕಾಲಿಡದೆ. "ಹಿಂಗೇ ಒಳಗೆ ಹೇಗೆ ಬರ್ಲೋ? ಇದು ಮುಗಿಯದೆ ಸ್ನಾನನೂ ಮಾಡೋ ಹಾಗಿಲ್ವಲ್ಲೋ."

"ಆ್ಯಪಲ್ಲಿ ಸ್ಟೈಲಿಸ್ಟ್‌ಗೆ ಸಂಜೆ ಆರಕ್ಕೆ ಸ್ಲಾಟ್ ತೋರಿಸ್ತಿದೆ ಅಮ್ಮ, ಇರು."

ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಮುನಿರಾಜುವಿನ ಫೋನು. "ಚಿಕ್ಕಣ್ಣ ಮತ್ತೆ ಬಂದವ್ನೆ ಕಣೇ, ಮೇಡಂ ಮಗ ಫೋನ್ ಮಾಡಿದ್ನಂತೆ, ಕೂಗಾಡ್ತಾವ್ನೆ. ಏನ್ ಮಾಡ್ದೆ ನೀನು?"

"ಅರ್ಧ ತಲೆ ಬಿಟ್ ಬಂದೆ."

ಶೈಲಾ ಬೆರಳು ತೂರಿಸಿ ರವಿಕೆಯೊಳಗಿನ ಕೂದಲಿನ ಚೂರನ್ನು ಹುಡುಕುತ್ತಿದ್ದಳು.

"ರೀ," ಎಂದಳು ಆಮೇಲೆ. "ಆ ಕುರ್ಚಿ ಬೋಲ್ಟ್ ಬಿಚ್ಚೋಕೆ ಸ್ಪ್ಯಾನರ್ ಯಾರ ಹತ್ರ ಇದೆ?"