ಮೂರು ಲೋಟ ಬಿಟರ್

ಶಟಲ್ ಪಬ್ಬಿನಲ್ಲಿ ಬಿಟರ್ ಬಿಯರಿನ ಲೋಟ ವಾಪಸ್ಸು ಬರುವುದು ಆ ವಾರ ಹೊಸದೇನೂ ಆಗಿರಲಿಲ್ಲ. ಆದರೆ ಮುದುಕ ಎಡ್ಗರ್ ಕ್ರಾಬ್‌ಟ್ರೀ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಲೋಟ ಹಿಂದಿರುಗಿಸಿದವನಲ್ಲ. ಉಣ್ಣೆಗೆ ಬಣ್ಣ ಹಾಕುವ ಗಿರಣಿಯಲ್ಲಿ ದುಡಿದು ದುಡಿದು ಉಗುರಿನ ಸಂದಿಗಳೆಲ್ಲ ನೀಲಿಯಾಗಿಯೇ ಉಳಿದಿದ್ದ ಆತ, ಒಂದು ಗುಟುಕು ಕುಡಿದು ಲೋಟವನ್ನು ಮೆಲ್ಲಗೆ ಕೌಂಟರಿನ ಮೇಲೆ ತಳ್ಳಿದ.

"ಥೆಲ್ಮಾ, ಇದನ್ನ ವಿನೆಗರ್ ಥರ ಕರಿದ ಮೀನಿನ ಮೇಲೆ ಚಿಮುಕಿಸ್ಕೊಂಡ್ರೆ ಚೆನ್ನಾಗಿರತ್ತೆ ಕಣಮ್ಮ. ಕುಡಿಯೋಕಾಗಲ್ಲ."

ಬೆಂಚುಗಳ ಮೇಲಿದ್ದವರು ನಕ್ಕರು. ಪಬ್ಬು ನಡೆಸುತ್ತಿದ್ದ ಥೆಲ್ಮಾ ಸಗ್ಡೆನ್ ನಗಲಿಲ್ಲ. ಲೋಟವನ್ನು ಮೂಗಿನ ಹತ್ತಿರ ತಂದಳು. ಹುಳಿ. ನೇರವಾಗಿ ಒಳಗೆ ಹೋಗಿ ಬಿಯರ್ ತಯಾರಿಸುವ ಕಂಪನಿಗೆ ಫೋನು ಹಚ್ಚಿದಳು.

"ಮತ್ತೊಂದು ಪೀಪಾಯಿ ಕೆಟ್ಟಿದೆ. ಬಿಯರ್ ಮಾಡ್ತೀರೋ ಉಪ್ಪಿನಕಾಯಿ ಹಾಕ್ತೀರೋ ನೀವು?"

ಅವಳ ಸಿಟ್ಟಿಗೆ ಕಾರಣವಿತ್ತು. ನೆಲಮಾಳಿಗೆಯ ಕೆಲಸವೆಲ್ಲ ಅವಳ ಗಂಡ ಕ್ಲಿಫರ್ಡ್‌ನದು. ಬಿಟರ್ ಎಂದರೆ ಪೀಪಾಯಿಯೊಳಗೂ ಹುದುಗುತ್ತ ಜೀವಂತವಾಗಿರುವ ಬಿಯರು. ಅದು ಯಾವಾಗ ತಿಳಿಯಾಯಿತು, ಯಾವಾಗ ಹದಕ್ಕೆ ಬಂತು, ಯಾವಾಗ ಇಳಿಮುಖವಾಯಿತು ಎಂದು ನೋಡಿಕೊಳ್ಳುವುದರಲ್ಲಿ ಆ ಕಣಿವೆಯ ಪಬ್ಬುಗಳಲ್ಲೆಲ್ಲ ಅವನನ್ನು ಮೀರಿಸಿದವರಿರಲಿಲ್ಲ. ಅಂಥವನ ಕೈಯಲ್ಲಿ ಬಿಯರು ಹುಳಿಯಾಗಿದೆ ಎಂದರೆ ಬರುವಾಗಲೇ ಕೆಟ್ಟು ಬಂದಿರಬೇಕು. ಅವಳಿಗೆ ಬೇರೆ ಯೋಚನೆಯೇ ಬರಲಿಲ್ಲ.

ಕಂಪನಿಯ ಕಡೆಯಿಂದ ನಾರ್ಮನ್ ಹಾರ್ಸ್‌ಫಾಲ್ ಎಂಬಾತ ಶನಿವಾರ ಮಧ್ಯಾಹ್ನ ಬರುವುದಾಗಿ ಹೇಳಿದ. ಪಬ್ಬು ಕಂಪನಿಯದು, ಮೇಲಿನ ಎರಡು ಕೋಣೆಗಳ ಮನೆಯೂ ಅದರದೇ. ತಪ್ಪು ನಮ್ಮದಾದರೆ ಕ್ಷಮೆ ಕೇಳುತ್ತೇವೆ, ನಿಮ್ಮದಾದರೆ ಪಬ್ಬನ್ನು ಬೇರೆಯವರಿಗೆ ಕೊಡುವ ಮಾತು ಬರುತ್ತದೆ ಎಂದು ಸಮಾಧಾನದ ದನಿಯಲ್ಲೇ ತಿಳಿಸಿದ.

ಥೆಲ್ಮಾ ಇದನ್ನು ಹೇಳಿದಾಗ ಕ್ಲಿಫರ್ಡ್ ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದ.

"ಅವನನ್ಯಾಕೆ ಕರೆಸಿದೆ? ಹಿಂದಿನವುಗಳ ಹಾಗೆ ಈ ಪೀಪಾಯೀನೂ ವಾಪಸ್ ಕಳಿಸಿದ್ರೆ ಸಾಕಿತ್ತಲ್ಲ."

"ಬರಲಿ ಬಿಡು. ನಿನ್ನೆದುರು ನಿಂತು ಮಾತಾಡಲಿ."

ಕ್ಲಿಫರ್ಡ್ ಇನ್ನೊಂದು ಲೋಟ ಕೈಗೆತ್ತಿಕೊಂಡ. ರಾತ್ರಿ ತಟ್ಟೆಯಲ್ಲಿದ್ದುದನ್ನು ಫೋರ್ಕಿನಿಂದ ಅತ್ತಿತ್ತ ಸರಿಸಿ ಎದ್ದುಹೋದ. ಅವನಿಗೂ ಸಿಟ್ಟು ಬಂದಿದೆ ಎಂದುಕೊಂಡಳು ಥೆಲ್ಮಾ.

ಶನಿವಾರ ಸುದ್ದಿ ಹರಡಿ ಪಬ್ಬು ತುಂಬಿತ್ತು. ಹಾರ್ಸ್‌ಫಾಲ್ ಒಳಗೆ ಬಂದು ಟೋಪಿ ತೆಗೆದ. ಬಿರಡೆ ಹಾಕಿದ ಎರಡು ಹೂಜಿಗಳನ್ನು ಕೌಂಟರಿನ ಮೇಲಿಟ್ಟ.

"ಮಿಸೆಸ್ ಸಗ್ಡೆನ್, ನೀವು ವಾಪಸ್ ಕಳಿಸಿದ ಪೀಪಾಯಿಗಳನ್ನ ನಾವೇ ತೆಗೆದು ಕುಡಿದ್ವಿ. ಏನೂ ಆಗಿರ್ಲಿಲ್ಲ ಅವಕ್ಕೆ."

"ಹಾಗಂದ್ರೆ ನಾನು ಸುಳ್ಳು ಹೇಳ್ತಿದೀನಾ?"

"ಯಾರು ಏನು ಅಂತ ಈಗ್ಲೇ ನೋಡೋಣ. ಇವೆರಡೂ ಬೌಲ್ಸ್ ಆಟದ ಕ್ಲಬ್ಬಿಂದ ಈಗಷ್ಟೇ ತಂದದ್ದು. ಒಂದು ಸಾದಾ ಬಿಟರ್, ಇನ್ನೊಂದು ಅದಕ್ಕಿಂತ ಗಟ್ಟಿ, ಬೆಸ್ಟ್. ಇವುಗಳ ಜೊತೆ ನಿಮ್ಮ ಪಂಪಿಂದ ಒಂದು ಲೋಟ ಬೆಸ್ಟ್. ನಿಮ್ಮ ಬೆಸ್ಟೂ ಕ್ಲಬ್ಬಿನ ಬೆಸ್ಟೂ ಒಂದೇ ದಿನ, ಒಂದೇ ಹಂಡೆಯಲ್ಲಿ ಆಗಿದ್ದು. ನಿಮ್ಮ ಯಜಮಾನ್ರು ಕುಡಿದು, ಯಾವುದು ಯಾವುದು ಅಂತ ಹೇಳ್ಲಿ."

ಕ್ಲಿಫರ್ಡ್‌ನನ್ನು ಹಿಂದಿನ ಕೋಣೆಗೆ ಕಳಿಸಿ ಲೋಟ ತುಂಬಿಸಿದರು. ತಮ್ಮ ಪಂಪಿನ ಹಿಡಿಕೆ ಎಳೆದವಳು ಥೆಲ್ಮಾಳೇ. ನೊರೆ ಏರಿದ ಹಾಗೆಯೇ ಆ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಹಾರ್ಸ್‌ಫಾಲ್‌ನ ಮೂಗಿಗೂ ಅದು ಬಂದಿರಬೇಕು, ಹುಬ್ಬು ಗಂಟಿಕ್ಕಿದ. 'ಇಷ್ಟು ಸುಲಭವಾ?' ಎಂದು ಅವಳಿಗೆ ಒಳಗೊಳಗೇ ಧೈರ್ಯ ಬಂತು. ಕ್ಲಿಫ್ ಇದನ್ನು ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಾನೆ.

ಕ್ಲಿಫರ್ಡ್ ಬಂದ. ಮೊದಲ ಲೋಟವನ್ನು ಬೆಳಕಿಗೆ ಹಿಡಿದು, ಒಂದು ಗುಟುಕನ್ನು ಬಾಯಲ್ಲಿ ಹೊರಳಾಡಿಸಿದ. "ಇದು ಸಾದಾ. ಬಾಯಲ್ಲಿ ತೆಳು." ಸರಿಯಾಗಿತ್ತು. ಬೆಂಚುಗಳಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು.

ಎರಡನೆಯದನ್ನು ಕುಡಿದ. ಮೂರನೆಯದನ್ನು ಕುಡಿದ. ಮತ್ತೆ ಎರಡನೆಯದು. ಅವನ ಕಿವಿಯ ಪಕ್ಕದಲ್ಲಿ ಬೆವರಿಳಿಯುವುದನ್ನು ಥೆಲ್ಮಾ ಕಂಡಳು. ಅವನು ಬಿಯರನ್ನು ನೋಡುತ್ತಲೇ ಇರಲಿಲ್ಲ. ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ, ಯಾರ ಮುಖದಲ್ಲಾದರೂ ಉತ್ತರ ಸಿಕ್ಕೀತೇ ಎನ್ನುವಂತೆ.

ಕೊನೆಗೆ ಮೂರನೆಯದನ್ನು ಮುಂದೆ ಸರಿಸಿದ. "ಇದು ಕ್ಲಬ್ಬಿಂದು. ಒಳ್ಳೇ ಹದದಲ್ಲಿದೆ."

ಅದು ಅವರದೇ ಪಂಪಿನ ಹುಳಿ ಬಿಯರು. ಚಳಿಗಾಲದಲ್ಲಿ ಅವನಿಗೆ ಜ್ವರ ಬಂದು ಹೋದ ನಂತರದ್ದೆಲ್ಲ ಥೆಲ್ಮಾಳ ಕಣ್ಣ ಮುಂದೆ ಬಂತು. ಬ್ರೆಡ್ಡು ಸುಟ್ಟು ಅಡುಗೆಮನೆಯೆಲ್ಲ ಹೊಗೆಯಾದರೂ ಪೇಪರ್ ಓದುತ್ತ ಕೂತಿದ್ದ. ಹಾಲು ಒಡೆದಿದ್ದರೂ ಚಹಾ ಕುಡಿದಿದ್ದ. 'ವಯಸ್ಸಾಯ್ತು ನಿನಗೆ' ಎಂದು ಅವಳು ಛೇಡಿಸಿದ್ದಳು.

ಕ್ರಾಬ್‌ಟ್ರೀ ಎದ್ದು ಬಂದು ಆ ಲೋಟದಿಂದ ದೊಡ್ಡ ಗುಟುಕು ಎಳೆದ. ಅವನ ಕಣ್ಣಲ್ಲಿ ನೀರು ಬಂತು. "ಹೂಂ, ಚೆನ್ನಾಗೇ ಇದೆ ಕಣ್ರೀ," ಎಂದ. ನಗಲು ಯಾರಿಗೂ ಧೈರ್ಯವಾಗಲಿಲ್ಲ.

"ಮಿಸೆಸ್ ಸಗ್ಡೆನ್, ನೀವೇನಂತೀರಿ?" ಹಾರ್ಸ್‌ಫಾಲ್ ಅವಳತ್ತ ತಿರುಗಿದ.

ಹೂಜಿಯ ಬಿಯರೇ ಕೆಟ್ಟದ್ದು ಎಂದು ವಾದಿಸಬಹುದಿತ್ತು. ಇಡೀ ಪಬ್ಬು ಅವಳ ಪರ ನಿಲ್ಲುತ್ತಿತ್ತು. ಅವಳು ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮೂರನೇದು ನಮ್ದು. ಹುಳಿಯಾಗಿದೆ. ನಿಮ್ಮ ಪೀಪಾಯಿ ಸರಿಯಾಗೇ ಇತ್ತು. ಚಳಿಗಾಲದಿಂದ ನೆಲಮಾಳಿಗೆ ನೋಡ್ಕೊಳ್ತಿರೋಳು ನಾನು. ಇವನಿಗೆ ಹುಷಾರಿರ್ಲಿಲ್ಲ. ತಪ್ಪು ನಂದೇ."

"ಥೆಲ್ಮಾ, ಸಾಕು." ಕ್ಲಿಫರ್ಡ್‌ನ ದನಿ ಒಡೆದಿತ್ತು. "ನನಗೋಸ್ಕರ ಸುಳ್ಳು ಹೇಳ್ಬೇಡ. ಅವಳು ಕೆಳಗೆ ಇಳಿದೇ ಇಲ್ಲ ಸ್ವಾಮಿ. ಜ್ವರ ಬಂದು ಹೋದಾಗಿನಿಂದ ನನಗೆ ಮೂಗೂ ಇಲ್ಲ, ನಾಲಿಗೆಯೂ ಇಲ್ಲ. ಏನು ಕುಡಿದ್ರೂ ಬರೀ ನೀರು."

"ಮತ್ತೆ ಪೀಪಾಯಿಯಿಂದ ಪಂಪಿಗೆ ಬರೋ ಪೈಪು ತೊಳೀತಿದ್ರಾ?" ಹಾರ್ಸ್‌ಫಾಲ್ ಕೇಳಿದ.

"ಪೈಪು ತೊಳೆಯೋ ಔಷಧಿ ಘಾಟು ಹೋಗೋ ತನಕ ನೀರು ಬಿಡ್ಬೇಕು. ಹೋಯ್ತೋ ಇಲ್ವೋ ನನಗೆ ಹೇಗೆ ಗೊತ್ತಾಗ್ಬೇಕು? ಯಾರ ಹೊಟ್ಟೆಗಾದ್ರೂ ಹೋದ್ರೆ? ಅದಕ್ಕೇ ಔಷಧಿ ಹಾಕೋದೇ ಬಿಟ್ಟೆ. ಬರೀ ನೀರಲ್ಲಿ ತೊಳೀತಿದ್ದೆ. ಅದ್ರಲ್ಲೇ ಹುಳಿ ಕೂತಿರ್ಬೇಕು."

"ನನಗೆ ಹೇಳೋದಲ್ವಾ?" ಎಂದಳು ಥೆಲ್ಮಾ. ಅಷ್ಟು ಜನರೆದುರು ಅವಳ ದನಿ ಏರಿತ್ತು. "ಫೋನಲ್ಲಿ ಅವರಿಗೆ ಅಷ್ಟು ಬೈದೆನಲ್ಲ, ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ ನೀನು!"

"ಹೇಳಿದ್ರೆ ಮುಗೀತಿತ್ತಲ್ಲ ಕಣೇ. ಮೂಗಿಲ್ಲದೋನಿಗೆ ಪಬ್ಬು ಯಾರು ಕೊಡ್ತಾರೆ?"

ಹಾರ್ಸ್‌ಫಾಲ್ ಟೋಪಿಯ ಅಂಚನ್ನು ಬೆರಳುಗಳಲ್ಲಿ ತಿರುಗಿಸಿದ. ಆಮೇಲೆ ಪೈಪುಗಳನ್ನು ಇವತ್ತೇ ತೊಳೆಯಬೇಕು, ಮುಂದಿನ ತಿಂಗಳು ಮತ್ತೆ ಬರುತ್ತೇನೆ, ಆಗಲೂ ಹೀಗೇ ಇದ್ದರೆ ತನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದ. ಹೂಜಿಗಳನ್ನು ಅಲ್ಲೇ ಬಿಟ್ಟುಹೋದ. ಗಿರಾಕಿಗಳು ಅವುಗಳಲ್ಲಿದ್ದುದನ್ನು ಹಂಚಿಕೊಂಡರು.

ಸಂಜೆಯಷ್ಟರಲ್ಲಿ ಗಂಡ ಹೆಂಡತಿ ನೆಲಮಾಳಿಗೆಗೆ ಇಳಿದರು. ಅವನು ಔಷಧಿ ಬಿಟ್ಟ, ನೀರು ಬಿಟ್ಟ. ಅವಳು ಬಕೆಟ್ಟಿಗೆ ಬಗ್ಗಿ ಮೂಸಿದಳು.

"ಹೋಯ್ತಾ?"

"ಇಲ್ಲ. ಇನ್ನೂ ಬಿಡು."

ಅದೊಂದೇ ಮಾತು ಎಷ್ಟೋ ಸಲ ನಡೆಯಿತು. ಅವಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಅವನೂ ತಲೆ ಎತ್ತುತ್ತಿರಲಿಲ್ಲ. ಪೈಪು ಶುದ್ಧವಾದ ಮೇಲೆ ಅವನು ಹೊಸ ಪೀಪಾಯಿಯಿಂದ ಒಂದಿಷ್ಟನ್ನು ಲೋಟಕ್ಕೆ ಇಳಿಸಿ ಕೊಟ್ಟ.

"ಹೇಗಿದೆ ಹೇಳು."

"ಚೆನ್ನಾಗಿದೆ."

"ಅದು ಬೇಡ ನನಗೆ. ಏನೇನಿದೆ ಹೇಳು."

ಅವಳು ಮತ್ತೆ ಕುಡಿದಳು. ಇಷ್ಟು ವರ್ಷ ಮಾರಿದ ಬಿಯರನ್ನು ಹೀಗೆ ಬಿಡಿಸಿ ನೋಡಿರಲಿಲ್ಲ. "ಮೊದಲು ಬಿಸ್ಕತ್ತಿನ ಹಾಗೆ. ಆಮೇಲೆ ಕಿತ್ತಳೆ ಸಿಪ್ಪೆ... ಮಾರ್ಮಲೇಡ್. ಕೊನೇಲಿ ಕಹಿ, ಆದ್ರೆ ನಿಲ್ಲಲ್ಲ, ಬೇಗ ಜಾರಿಬಿಡತ್ತೆ. ಮತ್ತೆ ಮೊಟ್ಟೆ ವಾಸನೆ ಒಂಚೂರು."

"ಮೊಟ್ಟೆ ವಾಸನೆ ಇನ್ನೂ ಇದೆಯಾ?" ಅವನು ಮೊದಲ ಬಾರಿಗೆ ಅವಳ ಮುಖ ನೋಡಿದ. ಪೀಪಾಯಿಯ ಮೈಗೆ ಅಂಗೈ ಒತ್ತಿ ತಂಪು ಪರೀಕ್ಷಿಸಿದ, ಮೇಲಿನ ತೂತಿಗೆ ಬಡಿದ ಮರದ ಬೆಣೆಯ ಹತ್ತಿರ ಕಿವಿಯಿಟ್ಟು ಹುದುಗುವ ಸದ್ದು ಕೇಳಿದ. "ಹಾಗಾದ್ರೆ ಇದು ಇನ್ನೂ ಎಳೇದು. ಕಹಿ ನಾಲಿಗೆ ಮೇಲೆ ನಿಲ್ಬೇಕು. ಇವತ್ತು ತೆಗೆಯೋದು ಬೇಡ. ನಾಳೆ ಮತ್ತೆ ಕುಡಿದು ಹೇಳು."

"ಮೇಲೆ ಎಡ್ಗರ್ ಕಾಯ್ತಿದಾನಲ್ಲ?"

"ಇವತ್ತಿಗೆ ಸಾದಾ ಕೊಡು. ಬೆಸ್ಟಿಗೆ ಕಾಯ್ಲಿ."