ಮುಂದಿನ ಸೀಟು

ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ವ್ಯಾನಣ್ಣ ಮೈಭಾರವನ್ನೆಲ್ಲ ಸ್ಪ್ಯಾನರಿನ ಮೇಲೆ ಹಾಕಿ ಒತ್ತಿದ. ಅದು ಜಾರಿ ಅವನ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಬಾಯಿಗೆ ಬಂದಂತೆ ಬೈದ. ವ್ಯಾನಿನ ಹಿಂದಿನ ಸೀಟುಗಳೆಲ್ಲ ಬಿಚ್ಚಿ ಅಂಗಳಕ್ಕೆ ಬಂದಿದ್ದವು. ಈ ಕೊನೆಯ ಸೀಟೊಂದು ಬಂದುಬಿಟ್ಟರೆ ಪೆಟ್ಟಿಗೆ ಇಡಲು ಜಾಗವಾಗುತ್ತಿತ್ತು. ಪೆಟ್ಟಿಗೆ ಒಳಗೆ ನಡುಮನೆಯಲ್ಲಿತ್ತು, ಅದರಲ್ಲಿ ಅವನ ಹೆಂಡತಿ ಇದ್ದಳು.

“ಅಪ್ಪಾ, ಬೇರೆ ಗಾಡಿಗೆ ಫೋನ್ ಮಾಡ್ಲಾ?” ಮಗಳು ಹೊಸ್ತಿಲಲ್ಲಿ ನಿಂತು ಕೇಳಿದಳು.

“ಯಾಕೆ, ನನ್ನ ವ್ಯಾನಿಗೇನು ದಾಡಿ? ನಿಮ್ಮಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ.”

“ವ್ಯಾನಿಗೇನೂ ಆಗಿಲ್ಲ.”

ಆ ಮಾತಿನ ಬಾಲ ಅವನಿಗೆ ಅರ್ಥವಾಗದೆ ಇರಲಿಲ್ಲ. ಬೆಳಗ್ಗೆ ಎದ್ದವನೇ ಬಚ್ಚಲಿನ ಬಾಗಿಲು ಹಾಕಿಕೊಂಡು ಒಂದಿಷ್ಟು ಗಂಟಲಿಗೆ ಇಳಿಸಿದ್ದ. ಅಲ್ಲ, ಹೆಂಡತಿ ಸತ್ತಾಗಲೂ ಕುಡಿಯದ ಮನುಷ್ಯ ಇನ್ಯಾವಾಗ ಕುಡಿಯಬೇಕು? ಅವಳೇ ಬದುಕಿದ್ದಷ್ಟು ದಿನ ಒಮ್ಮೆಯೂ ಬೇಡ ಅಂದವಳಲ್ಲ. ಅದೊಂದು ವಿಷಯದಲ್ಲಿ ಓಣಿಯ ಗಂಡಸರಿಗೆಲ್ಲ ಇವನ ಮೇಲೆ ಹೊಟ್ಟೆಕಿಚ್ಚಿತ್ತು.

ವಿಮಾನ ನಿಲ್ದಾಣದಲ್ಲಿ ಅವಳದು ನರ್ಸ್ ಕೆಲಸ. ಪೈಲಟ್‌ಗಳು ವಿಮಾನ ಹತ್ತುವ ಮುಂಚೆ ಅವಳ ಮೇಜಿನ ಮುಂದೆ ನಿಂತು ಅಂಗೈಯಗಲದ ಯಂತ್ರಕ್ಕೆ ಊದಬೇಕು. ಹಸಿರು ದೀಪ ಬಂದರೆ ಆಕಾಶಕ್ಕೆ, ಕೆಂಪು ಬಂದರೆ ಮನೆಗೆ. “ಊದಪ್ಪಾ, ಇನ್ನೂ ಊದು” ಎಂದು ಎಂಥೆಂಥ ಕ್ಯಾಪ್ಟನ್‌ಗಳನ್ನೂ ಮಕ್ಕಳಂತೆ ಗದರುತ್ತಿದ್ದುದರಿಂದ ಅವರೆಲ್ಲ ಸೇರಿ ಅವಳಿಗೆ ‘ಊದಮ್ಮ’ ಎಂದು ಹೆಸರಿಟ್ಟಿದ್ದರು. ಮೊನ್ನೆ ಅದೇ ಮೇಜಿನ ಮೇಲೆ ತಲೆ ಇಟ್ಟವಳು ಮತ್ತೆ ಎತ್ತಲಿಲ್ಲ. ಎದೆಬಡಿತ ನಿಂತುಹೋಗಿತ್ತು.

ಈಗ ಮನೆ ತುಂಬ ಆ ಪೈಲಟ್‌ಗಳೇ. ಗರಿಗರಿ ಅಂಗಿ, ಹೊಳೆಯುವ ಬೂಟು, ಕಣ್ಣು ತುಂಬ ನೀರು. ಗಂಡನಾದ ತನಗೇ ಇನ್ನೂ ಒಂದು ಹನಿ ಬಂದಿಲ್ಲ, ಇವರು ಯಾರು ಅಳೋಕೆ? ವ್ಯಾನಣ್ಣನ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದಂತಾಯಿತು.

*

ವ್ಯಾನು ಮನೆಗೆ ಬಂದ ಹೊಸದರಲ್ಲಿ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಕೆರೆಯ ತನಕ ಹೊರಟಿದ್ದ. ಅವಳು ಸೀಟಿನ ಪ್ಲಾಸ್ಟಿಕ್ ಹೊದಿಕೆಗೆ ಕೈ ಹಾಕಿದಳು.

“ತಡಿಯೇ, ಇಬ್ಬರೂ ಎಲ್ಲಾದ್ರೂ ದೂರ ಹೋಗಿ ಬರೋಣ. ಆಮೇಲೆ ನಿನ್ನ ಕೈಯಿಂದಲೇ ಕೀಳಿಸ್ತೀನಿ,” ಅಂದ.

ಹೊಸ ಗಾಡಿಯ ಖುಷಿಗೆ ಗೆಳೆಯರ ಜೊತೆ ಸ್ವಲ್ಪ ಹಾಕಿದ್ದ, ಅಷ್ಟೇ. ಮಾರುಕಟ್ಟೆಯ ತಿರುವಿನಲ್ಲಿ ಒಂದು ಸೈಕಲ್ ಅಡ್ಡ ಬಂತು. ತಾಗಲಿಲ್ಲ, ಕೂದಲೆಳೆಯಲ್ಲಿ ತಪ್ಪಿತು.

“ನಿಲ್ಸಿ ರೀ.”

ಇಳಿದಳು. ಬಾಗಿಲನ್ನು ಮೆಲ್ಲಗೆ ಹಾಕಿದಳು. “ನಂಗೆ ತಲೆ ಸುತ್ತುತ್ತೆ. ನಡ್ಕೊಂಡು ಹೋಗ್ತೀನಿ. ನೀವೂ ಗಾಡಿ ಇಲ್ಲೇ ಬಿಟ್ಟು ಬನ್ನಿ” ಅಂದಳು. ಹೊಸ ಗಾಡಿಯನ್ನು ಯಾರಾದರೂ ಬೀದಿಯಲ್ಲಿ ಬಿಡುತ್ತಾರೆಯೇ? ಅವನು ಓಡಿಸಿಕೊಂಡೇ ಹೋದ.

ಅಲ್ಲಿಂದ ಮುಂದೆ ಅವಳು ವ್ಯಾನು ಹತ್ತಲಿಲ್ಲ. ತಲೆಸುತ್ತಿಗೆ ಮಾತ್ರೆ ತಂದುಕೊಟ್ಟ, ಹುಳಿ ಪೆಪ್ಪರಮಿಂಟು ತಂದ, ಗಾಡಿಯಲ್ಲಿ ಮಲ್ಲಿಗೆ ವಾಸನೆಯ ಶೀಸೆ ತೂಗುಹಾಕಿದ. ಊಹೂಂ. ಕೆಲಸಕ್ಕೆ ನಿಲ್ದಾಣದ ಬಸ್ಸು, ಮಿಕ್ಕಿದ್ದಕ್ಕೆಲ್ಲ ಕಾಲು. ಅವನಾದರೂ ಆ ಸೀಟನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. “ಅದು ನಮ್ಮನೆಯವಳ ಸೀಟು, ಹಿಂದೆ ಕೂತ್ಕೊಳ್ಳಿ” ಎಂದು ಗಿರಾಕಿಗಳನ್ನು ದಬಾಯಿಸುತ್ತಿದ್ದ. ಪ್ಲಾಸ್ಟಿಕ್ಕು ಅಲ್ಲೇ ಹಳದಿಗಟ್ಟಿತು.

*

ಬೋಲ್ಟು ಕೊನೆಗೂ ಬಂತು. ಕೈ ಒರೆಸಿಕೊಂಡು ಒಳಗೆ ಬಂದರೆ, ಪೆಟ್ಟಿಗೆಯ ಅಂಚು ಹಿಡಿದು ಒಬ್ಬ ನೆಲದ ಮೇಲೆ ಕೂತುಬಿಟ್ಟಿದ್ದ. ನರೆತ ಕೂದಲು, ಎತ್ತರದ ಆಳು. ಬಿಕ್ಕಿ ಬಿಕ್ಕಿ ಅಳುತ್ತಿದ್ದ.

“ಯಾರೋ ಅವ್ನು?” ವ್ಯಾನಣ್ಣ ಬಾಮೈದನ ಕಿವಿಯಲ್ಲಿ ಕೇಳಿದ.

“ಅಕ್ಕ ಕೆಂಪು ದೀಪ ಕೊಟ್ಟು ಮನೆಗೆ ಕಳ್ಸಿದ್ರಲ್ಲ, ಆ ಕ್ಯಾಪ್ಟನ್, ಭಾವ. ಆಗ ಪೇಪರಲ್ಲೆಲ್ಲ ಬಂದಿತ್ತು.”

“ತನ್ನ ಕೆಲಸ ತೆಗೆಸಿದೋಳಿಗೆ ಅಳ್ತಾನಾ? ಯಾವ ಸೀಮೆ ಗಿರಾಕಿನೋ!”

ಆ ಕ್ಯಾಪ್ಟನ್ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡ. ವ್ಯಾನಣ್ಣ ಉಸಿರು ಬಿಗಿಹಿಡಿದು ಮುಖ ಆಚೆ ತಿರುಗಿಸಿದ. ವಾಸನೆ ಮುಚ್ಚಲು ಅವನಿಗೆ ಅದು ರೂಢಿಯೇ ಆಗಿತ್ತು.

“ಅವತ್ತು ಅವರ ಕೈಕಾಲು ಹಿಡಿದೆ,” ಕ್ಯಾಪ್ಟನ್ ಹೇಳಿದ. “ಬಾಯಿ ಮುಕ್ಕಳಿಸೋ ಔಷಧಿ ಅಂದೆ, ಕೆಮ್ಮಿನ ಸಿರಪ್ ಅಂದೆ. ನಿಯಮದ ಪ್ರಕಾರ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸಿದ್ರು. ಮತ್ತೂ ಕೆಂಪೇ. ನಿನ್ನ ಕೆಲಸ ತೆಗೆಸ್ತೀನಿ ಅಂತ ಹೆದರಿಸಿದೆ. ಕೊನೆಗೆ ನಾಳೆಯಿಂದ ಬಿಟ್ಬಿಡ್ತೀನಿ ಸಿಸ್ಟರ್, ಇವತ್ತೊಂದಿನ ಅಂತ ಕೈ ಮುಗಿದೆ. ನಾಳೆ ಬಿಡಿ ಸಾರ್, ಇವತ್ತು ಹಾರಬೇಡಿ ಅಂದ್ರು.”

“ಹಂಗಂದ್ಲಾ?”

“ಮನೆ ತಾಪತ್ರಯ, ಕೆಲಸದ ಒತ್ತಡ ಅಂತ ಹೇಳೋಕೆ ಹೋದೆ. ‘ಯಾರು ಕುಡಿಸಿದ್ರು ಅಂತ ನಾನು ಕೇಳಲ್ಲ ಸಾರ್, ಊದಿದ್ದು ನಿಮ್ಮ ಬಾಯಿ’ ಅಂದ್ರು. ನನ್ನ ಬೆನ್ನ ಹಿಂದೆ ಅಷ್ಟು ಜನ ಬೆಲ್ಟು ಕಟ್ಕೊಂಡು ಕೂತಿರ್ತಿದ್ರು. ನಾನು ಹೆಂಗಿದೀನಿ ಅಂತ ನೋಡೋಕೆ ಅವರಿಗೆ ಮಧ್ಯೆ ಮುಚ್ಚಿದ ಬಾಗಿಲು ಅಡ್ಡ. ನೋಡ್ತಿದ್ದೋರು ಇವರೊಬ್ರೇ.”

ವ್ಯಾನಣ್ಣನಿಗೆ ಮೈ ಪರಚಿಕೊಳ್ಳುವಂತಾಯಿತು. ಇವನಿಗೆ ಇಷ್ಟೆಲ್ಲ ಹೇಳಿದ್ದಾಳೆ! ಕಟ್ಟಿಕೊಂಡ ಗಂಡನಿಗೆ ಒಂದು ಅಕ್ಷರವಿಲ್ಲ!

“ನಾನು ಆಸ್ಪತ್ರೆ ಸೇರಿದಾಗ ನೋಡೋಕೆ ಬಂದವರು ಅವರೊಬ್ರೇ,” ಕ್ಯಾಪ್ಟನ್ ಮೂಗು ಒರೆಸಿಕೊಂಡ. “ಆಮೇಲೆ ಕುಡಿತ ಬಿಟ್ಟವರ ಸಭೆಗೆ ವಾರವಾರ ಜೊತೆಗೆ ಬರ್ತಿದ್ರು. ಬೆಟ್ಟದಾಚೆ ಊರು. ನನ್ನ ಕಾರಲ್ಲೇ ಹೋಗ್ತಿದ್ವಿ.”

“ಕಾರಲ್ಲಾ? ಬಸ್ಸಲ್ಲಿ ಅನ್ನಿ. ಅವಳಿಗೆ ತಲೆ ಸುತ್ತುತ್ತೆ.”

“ತಲೆ ಸುತ್ತೋದಾ? ಅಷ್ಟು ತಿರುವಿನ ದಾರಿಯಲ್ಲೂ ಮುಂದಿನ ಸೀಟಲ್ಲಿ ಕೂತು ಕಿತ್ತಳೆ ಸುಲೀತಾ, ನಂಗೂ ಒಂದೊಂದು ತೊಳೆ ಕೊಡ್ತಾ ಹಾಡು ಹೇಳ್ಕೊಂಡು ಬರೋರು!”

ಮುಂದಿನ ಸೀಟು. ಕಿತ್ತಳೆ. ಹಾಡು ಬೇರೆ! ಅವಳಿಗೆ ಹಾಡು ಬರುತ್ತದೆಂಬುದೇ ಅವನಿಗೆ ಗೊತ್ತಿರಲಿಲ್ಲ. ರಜೆಯ ದಿನವೂ ಡ್ಯೂಟಿ ಎಂದು ಹೋಗುತ್ತಿದ್ದಳಲ್ಲ, ಇದಾ ಡ್ಯೂಟಿ? ಈ ಉದ್ದನೆಯ ಮನುಷ್ಯನ ಕೊರಳಪಟ್ಟಿ ಹಿಡಿದು ಬೀದಿಗೆ ಎಳೆಯಬೇಕೆನಿಸಿತು.

“ಒಂದೇ ಒಂದು ಷರತ್ತಿತ್ತು.” ಕ್ಯಾಪ್ಟನ್ ಜೇಬಿನಿಂದ ಅಂಗೈಯಗಲದ ಯಂತ್ರ ತೆಗೆದು ತೋರಿಸಿದ. “ಇದು ಅವರೇ ಕೊಡಿಸಿದ್ದು. ನಾನು ಊದಿ ಹಸಿರು ಬಂದ ಮೇಲೇನೇ ಅವರು ಕಾರಿನ ಬಾಗಿಲು ತೆಗೀತಿದ್ದಿದ್ದು.”

*

ಒಂದು ಸಂಜೆ ತೂರಾಡಿಕೊಂಡು ಬಂದವನು, ಬಟ್ಟೆ ಮಡಚುತ್ತಿದ್ದ ಅವಳ ಮುಖಕ್ಕೆ ಮುಖ ತಂದಿದ್ದ. “ದಿನಾ ಕಂಡೋರ ಬಾಯೆಲ್ಲ ನೋಡ್ತೀಯ, ನನ್ನನ್ನೂ ಒಂದ್ಸಲ ಊದಿಸೇ!”

ಅವಳು ಅವನ ಅಂಗಿಯ ತೋಳನ್ನು ಮಡಚಿ, ನೀವಿ ನೇರ ಮಾಡಿದಳು. “ನಿಮ್ಮನ್ನ ಊದಿಸೋಕೆ ಯಂತ್ರ ಯಾಕೆ ಬೇಕು ರೀ?”

ಎಷ್ಟು ನಕ್ಕಿದ್ದ! ಹೆಂಡತಿ ಅಂದರೆ ಹೀಗಿರಬೇಕು ಎಂದು ವ್ಯಾನ್ ಸ್ಟ್ಯಾಂಡಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದ. ಅವಳು ನಕ್ಕಿದ್ದಳೋ ಇಲ್ಲವೋ, ಈಗ ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

*

ಪೆಟ್ಟಿಗೆಯನ್ನು ಹೆಗಲ ಮೇಲೆ ಅಂಗಳಕ್ಕೆ ತಂದರು. ವ್ಯಾನಣ್ಣ ಎಲ್ಲರಿಗಿಂತ ಮುಂಚೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ಬೀಗದ ಕೈ ತಿರುಗಿಸಿದ. ಎಂಜಿನ್ನು ಗುರುಗುಟ್ಟಿತು. ಹಿಂದೆ ಪೆಟ್ಟಿಗೆ ಇಟ್ಟ ಸದ್ದೇ ಬರಲಿಲ್ಲ. ತಿರುಗಿ ನೋಡಿದರೆ ಮಗಳು ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

“ಸರಿಯೇ ಆಚೆ! ಹೊರೋರಿಗೆ ಭಾರ ಆಗ್ತಿದೆ.”

“ಅಮ್ಮ ಬದುಕಿದ್ದಾಗ ಹತ್ಲಿಲ್ಲಪ್ಪ. ಈಗ ‘ನಿಲ್ಸಿ’ ಅನ್ನೋಕೆ ಬಾಯಿಲ್ಲ ಅಂತ ಹತ್ತಿಸ್ತೀಯಾ?”

ಪಕ್ಕದಲ್ಲಿ ಆ ಸೀಟು ಹಳದಿ ಪ್ಲಾಸ್ಟಿಕ್ ಹೊದ್ದು ಕೂತಿತ್ತು. ತಲೆಸುತ್ತಿನ ಮಾತ್ರೆಗಳು ಒಂದೂ ಒಡೆಯದೆ ಅಲಮಾರಿಯಲ್ಲಿ ಬಿದ್ದಿದ್ದುದನ್ನು ಅವನು ಕಂಡಿದ್ದ. ಗೊತ್ತಿರಲಿಲ್ಲ ಅಂದರೆ ಅದು ಶುದ್ಧ ಸುಳ್ಳು.

ಎಂಜಿನ್ ಆರಿಸಿ ಇಳಿದು ಬಂದು ಕ್ಯಾಪ್ಟನ್ ಮುಂದೆ ಕೈ ಚಾಚಿದ. “ಕೊಡಿ ಇಲ್ಲಿ ಅದನ್ನ.”

ಊದಿದ. ಕೆಂಪು ಭಗ್ಗೆಂದಿತು. ರಾತ್ರಿ ನಿದ್ದೆಯಿಲ್ಲ, ಹೆಂಡತಿ ಹೋದ ಸಂಕಟ, ಕೆಮ್ಮಿನ ಸಿರಪ್ಪು, ಎಲ್ಲ ನೆವಗಳೂ ಸಾಲಾಗಿ ನಾಲಿಗೆಯ ತುದಿಗೆ ಬಂದವು. ಒಂದನ್ನೂ ಆಡದೆ ನುಂಗಿಕೊಂಡ. ಬೀಗದ ಕೈಯನ್ನು ಕ್ಯಾಪ್ಟನ್ನನ ಅಂಗೈಗೆ ಹಾಕಿದ.

ಕ್ಯಾಪ್ಟನ್ ಯಂತ್ರದ ಊದುವ ಕೊಳವೆ ಬದಲಿಸಿ, ತಾನೂ ಊದಿ, ಹಸಿರು ದೀಪವನ್ನು ಮಗಳಿಗೆ ಹಿಡಿದು ತೋರಿಸಿದ. ಅವಳು ಬಾಗಿಲು ಬಿಟ್ಟು ಸರಿದಳು. ಪೆಟ್ಟಿಗೆ ಒಳಗೆ ಹೋಯಿತು.

“ಅಪ್ಪಾ, ನೀನು ಮುಂದೆ ಕೂತ್ಕೋ,” ಅಂದಳು ಮಗಳು. ಈಗ ಅವಳ ದನಿ ಇಳಿದಿತ್ತು.

“ಅಲ್ಲಿ ಯಾರೂ ಕೂರೋದು ಬೇಡ.” ವ್ಯಾನಣ್ಣ ಹಿಂದೆ ಹತ್ತಿ, ಸೀಟಿಲ್ಲದ ಬರೀ ತಗಡಿನ ಮೇಲೆ ಪೆಟ್ಟಿಗೆಯ ತಲೆದೆಸೆಗೆ ಕೂತ. ಎದುರಿಗೆ ತನ್ನ ಸ್ಟೀರಿಂಗಿನ ಮೇಲೆ ಆ ಮನುಷ್ಯನ ಉದ್ದನೆಯ ಬೆರಳುಗಳು. ಹೊಟ್ಟೆಯ ಉರಿ ಇನ್ನೂ ಆರಿರಲಿಲ್ಲ. ಒಳ್ಳೆ ಡ್ರೈವರ್ರೇ ಹೌದು, ಹಾಳಾದವನು.

ವ್ಯಾನು ಮಾರುಕಟ್ಟೆಯ ತಿರುವಿಗೆ ಬಂತು. ಕ್ಯಾಪ್ಟನ್ ನಿಧಾನ ಮಾಡಿ, ಒಬ್ಬ ಸೈಕಲ್ಲಿನವನಿಗೆ ದಾರಿ ಬಿಟ್ಟ. ವ್ಯಾನಣ್ಣ ಮಂಡಿಯೂರಿ ಎದ್ದ. ಒಂದು ಕೈಯಿಂದ ಪೆಟ್ಟಿಗೆ ಅಲುಗದಂತೆ ಹಿಡಿದುಕೊಂಡು, ಇನ್ನೊಂದನ್ನು ಚಾಚಿ ಮುಂದಿನ ಸೀಟಿನ ಪ್ಲಾಸ್ಟಿಕ್ಕನ್ನು ಅಂಚಿನಿಂದ ಹರಿಯತೊಡಗಿದ. ಅದು ಚೂರುಚೂರಾಗಿ ಕಿತ್ತುಬರುತ್ತಿತ್ತು. ಒಳಗಿನ ನೀಲಿ ಬಟ್ಟೆ ವ್ಯಾನು ಕೊಂಡ ದಿನ ಇದ್ದ ಹಾಗೆಯೇ ಇತ್ತು.