ಗಾಜು ಬಿಡದ ಬಿಸಿಲು

ಕಾರ್ತಿಕದ ಮದುವೆಗಳು ಜೋರಾಗಿದ್ದ ಹೊತ್ತಿಗೇ ವಸಂತಮ್ಮನ ಮೊಣಕಾಲು ಕೈಕೊಟ್ಟಿತು. ದೇವರಾಜ ಮೊಹಲ್ಲಾದ ಒಂದು ಓಣಿಯಲ್ಲಿ ಬಾಡಿಗೆ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಅವಳು ರವಿಕೆ ಹೊಲಿಯುತ್ತಿದ್ದಳು. ಎದುರಿಗೆ ಎತ್ತರದ ಕಟ್ಟಡ ಎದ್ದ ಮೇಲೆ ಆ ಕೋಣೆಗೆ ಹಗಲಲ್ಲೂ ಟ್ಯೂಬ್‌ಲೈಟೇ ಗತಿ. ಬೆಳಿಗ್ಗೆ ಮಿಷನ್ ಮುಂದೆ ಕೂತರೆ ಊಟಕ್ಕೆ ಏಳುವುದು, ಮತ್ತೆ ಕೂರುವುದು. ಅಂದು ಊಟಕ್ಕೆಂದು ಏಳಹೋದವಳು ಮಿಷನ್ನಿನ ಅಂಚು ಹಿಡಿದು ಅಲ್ಲೇ ಕುಸಿದು ಕೂತಳು. ರವಿಕೆ ಒಯ್ಯಲು ಬಂದಿದ್ದ ಹೆಂಗಸೊಬ್ಬಳು ತೋಳು ಹಿಡಿದು ಎಬ್ಬಿಸಬೇಕಾಯಿತು.

ಸಂಜೆ ಗಂಡ ಷಡಕ್ಷರಿ ಅವಳನ್ನು ಸ್ಕೂಟರಿನಲ್ಲಿ ಲಕ್ಷ್ಮೀಪುರಂಗೆ, ಡಾಕ್ಟರ್ ಗಾರ್ಗಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಡಾಕ್ಟರು ರಕ್ತಪರೀಕ್ಷೆಗೆ ಬರೆದುಕೊಟ್ಟರು. ಅದರ ರಿಪೋರ್ಟು ಹಿಡಿದು ಇಬ್ಬರೂ ಮತ್ತೆ ಹೋದಾಗ ಅವರು ಹುಬ್ಬು ಗಂಟಿಕ್ಕಿದರು.

"ವಿಟಮಿನ್ ಡಿ ತೀರಾ ತಳ ಸೇರಿದೆಯಲ್ಲಮ್ಮ! ನೀವು ಬಿಸಿಲಿಗೆ ಹೋಗೋದೇ ಇಲ್ವಾ?"

"ಬಿಸಿಲಿಗೆ ಯಾಕೆ ಹೋಗ್ಲಿ ಮೇಡಂ? ಕಪ್ಪಾಗ್ಬುಡ್ತೀನಿ" ಎಂದಳು ವಸಂತಮ್ಮ. ಹುಡುಗಿಯಾಗಿದ್ದಾಗಿನಿಂದ ಅವ್ವ ತಲೆಗೆ ತುಂಬಿದ್ದ ಮಾತು ಅದು. ತಂಗಿಯರೆಲ್ಲ ಹೊಲಕ್ಕೆ ಹೋದರೂ ಬೆಳ್ಳನೆ ಬಣ್ಣದ ಮಗಳೆಂದು ಇವಳೊಬ್ಬಳನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದರು. ಮದುವೆಗೆ ಬಂದವರೆಲ್ಲ ಹೊಗಳಿದ್ದೂ ಆ ಬಣ್ಣವನ್ನೇ.

ಡಾಕ್ಟರ ಕಣ್ಣು ಅಷ್ಟರಲ್ಲಿ ಷಡಕ್ಷರಿಯ ಮೇಲೆ ಬಿದ್ದಿತ್ತು. ಅವನ ಮುಖ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಕತ್ತಿನ ಹಿಂಭಾಗ ಒಣಗಿ ಬಿರುಕುಬಿಟ್ಟ ಕೆರೆಯಂಗಳದಂತಿತ್ತು. ಬಲಗಣ್ಣು ಕೆಂಪಗಿತ್ತು.

"ನಿಮ್ಮ ಕಣ್ಣಿಗೇನಾಗಿದೆ?"

"ಏನಿಲ್ಲ ಮೇಡಂ, ಧೂಳು."

ಡಾಕ್ಟರು ಟಾರ್ಚ್ ಹಾಕಿ ನೋಡಿದರು. ಬಿಳಿಗುಡ್ಡೆಯ ಮೇಲೆ ಮೂಗಿನ ಕಡೆಯಿಂದ ಸಣ್ಣ ರೆಕ್ಕೆಯ ಹಾಗೆ ಮಾಂಸ ಬೆಳೆಯುತ್ತಿತ್ತು. "ಎಲ್ಲಿ ಕೆಲಸ?" ಎಂದು ಕೇಳಿದರು.

"ಮಂಡಕಳ್ಳಿ ಏರ್‌ಪೋರ್ಟಲ್ಲಿ. ವಿಮಾನಕ್ಕೆ ಲಗೇಜು ಹಾಕ್ಸೋದು, ಇಳಿಸೋದು. ಮೇಲೆ ಸೂರ್ಯ, ಕೆಳಗೆ ಕಾಂಕ್ರೀಟು."

ಡಾಕ್ಟರು ಕುರ್ಚಿಗೆ ಒರಗಿ ನಕ್ಕುಬಿಟ್ಟರು. "ಒಂದೇ ಮನೇಲಿ ಒಬ್ರಿಗೆ ಬಿಸಿಲು ಸಾಲ್ದು, ಇನ್ನೊಬ್ರಿಗೆ ಅಜೀರ್ಣ ಆಗಿದೆ!" ಆಮೇಲೆ ಬಿಡಿಸಿ ಹೇಳಿದರು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಅಂತ ಇರುತ್ತದೆ. ಮೈಮೇಲೆ ಅಷ್ಟಿಷ್ಟು ಬಿದ್ದರೆ ಮೂಳೆಗೆ ಬೇಕಾದ ವಿಟಮಿನ್ನನ್ನು ಚರ್ಮವೇ ಮಾಡಿಕೊಳ್ಳುತ್ತದೆ. ಅದೇ ಕಿರಣ ವರ್ಷಗಟ್ಟಲೆ ಮಿತಿಮೀರಿ ಬಿದ್ದರೆ ಚರ್ಮ ಸುಡುತ್ತದೆ, ಕಣ್ಣಿನಲ್ಲಿ ಹೀಗೆ ಮಾಂಸ ಬೆಳೆಯುತ್ತದೆ. ವಸಂತಮ್ಮನಿಗೆ ಹಾಲಿನಲ್ಲಿ ಕಲಸಿ ಕುಡಿಯುವ ಪುಡಿ ಬರೆದು, ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಕೂರಿ ಎಂದರು. ಷಡಕ್ಷರಿಗೆ ಕಪ್ಪು ಕನ್ನಡಕ, ಟೋಪಿ, ಮುಖಕ್ಕೆ ಹಚ್ಚುವ ಕ್ರೀಮು.

ಮನೆಗೆ ಬಂದ ಮೇಲೆ ಜಗಳವೇ ಆಯಿತು.

"ಕೆಲಸದಲ್ಲಿ ಆ ಎಳೇ ಹುಡುಗ್ರ ಮುಂದೆ ನಾನು ಕ್ರೀಮು ಬಳ್ಕೊಂಡು ನಿಲ್ಲಾದಾ?" ಎಂದ ಷಡಕ್ಷರಿ.

"ನಾನು ಓಣಿಯವರ ಮುಂದೆ ಹಪ್ಪಳದಂಗೆ ಒಣಗಾದಾ?" ಎಂದಳು ವಸಂತಮ್ಮ.

ಕೊನೆಗೆ ಒಪ್ಪಂದವಾಯಿತು. ನೀನು ಬಿಸಿಲಿಗೆ ಕೂತರೆ ನಾನು ಕನ್ನಡಕ ಹಾಕುತ್ತೇನೆ ಎಂದು ಅವನು. ನೀವು ಹಾಕಿದರೆ ನಾನು ಕೂರುತ್ತೇನೆ ಎಂದು ಇವಳು.

ಇಬ್ಬರೂ ಮಾತಿಗೆ ತಪ್ಪಿದರು. ಷಡಕ್ಷರಿ ಕನ್ನಡಕವನ್ನು ಮನೆಯಿಂದ ಹೊರಡುವಾಗ ಹಾಕಿಕೊಂಡು ಏರ್‌ಪೋರ್ಟಿನ ಗೇಟು ಬರುತ್ತಲೇ ಜೇಬಿಗಿಳಿಸುತ್ತಿದ್ದ. ಪುಡಿ ಕುಡಿದರೆ ಹೊಟ್ಟೆ ತೊಳಸುತ್ತದೆಂದು ವಸಂತಮ್ಮ ಅದನ್ನು ಬಿಟ್ಟಳು. ಬಿಸಿಲಿಗೆ ಮಾತ್ರ ಒಂದು ಉಪಾಯ ಕಂಡುಕೊಂಡಳು. ಹಿಂದಿನ ಕೋಣೆಯಲ್ಲಿ ಧೂಳು ಬಾರದಿರಲೆಂದು ತೆರೆಯಲಾಗದ ಗಾಜು ಕೂರಿಸಿದ ದೊಡ್ಡ ಕಿಟಕಿಯಿತ್ತು. ಹತ್ತು ಗಂಟೆಯ ಮೇಲೆ ಅಲ್ಲಿ ಚೆನ್ನಾಗಿ ಬಿಸಿಲು ಬೀಳುತ್ತಿತ್ತು. ಮಿಷನ್ನನ್ನೇ ಅಲ್ಲಿಗೆ ಸಾಗಿಸಿ, ಬೆನ್ನಿಗೆ ಬಿಸಿಲು ಬಿಟ್ಟುಕೊಂಡು ಹೊಲಿಯತೊಡಗಿದಳು. ಯಾರ ಕಣ್ಣಿಗೂ ಬೀಳುವಂತಿಲ್ಲ, ಕೆಲಸವೂ ನಿಲ್ಲುವುದಿಲ್ಲ. ತನ್ನ ಜಾಣತನಕ್ಕೆ ತಾನೇ ಹಿಗ್ಗಿದಳು.

ಸಂಕ್ರಾಂತಿ ಕಳೆದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಏನೂ ಏರಿರಲಿಲ್ಲ. ಮೊಣಕಾಲೂ ಹಾಗೇ ಇತ್ತು.

"ದಿನಾ ಕೂತಿದೀನಿ ಮೇಡಂ, ದೇವರಾಣೆ! ಬೆನ್ನು ಬಿಸಿಯಾಗೋವರ್ಗೂ ಕೂತಿದೀನಿ."

"ಎಲ್ಲಿ ಕೂತ್ಕೋತೀರಿ?"

ವಸಂತಮ್ಮ ಕಿಟಕಿಯ ಕತೆ ಹೇಳಿದಳು. ಪುಡಿ ಬಿಟ್ಟದ್ದೂ ಹೊರಬಿತ್ತು. ಗಾರ್ಗಿ ತಲೆಯಾಡಿಸಿದರು. "ಗಾಜು ಬೆಳಕು ಬಿಡುತ್ತೆ, ಬಿಸೀನೂ ಬಿಡುತ್ತೆ. ಆದ್ರೆ ವಿಟಮಿನ್ ಮಾಡೋ ಕಿರಣಾನ ತಡೆದುಬಿಡುತ್ತೆ ಕಣ್ರೀ. ನೀವು ಇಷ್ಟು ದಿನ ಬರೀ ಶಾಖಕ್ಕೆ ಕೂತಿದ್ರಿ. ಪುಡಿ ಬೇಡ, ಮಾತ್ರೆ ಕೊಡ್ತೀನಿ. ಆದ್ರೆ ಬಯಲಿಗೆ ಹೋಗಿ. ಬೆಳ್‌ಬೆಳಿಗ್ಗೆ ಎಳೆ ಬಿಸಿಲಲ್ಲೂ ಆ ಕಿರಣ ಹೆಚ್ಚಿರಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆಗಿರೋ ಹೊತ್ತಲ್ಲಿ ಸ್ವಲ್ಪ ಕೂತು ಎದ್ದು ಬನ್ನಿ, ಸಾಕು."

ಷಡಕ್ಷರಿ ಪಕ್ಕದಲ್ಲಿ ಕೂತು ನಗುತ್ತಿದ್ದ. ಡಾಕ್ಟರು ಅವನ ಕಣ್ಣಿಗೂ ಟಾರ್ಚ್ ಹಾಕಿದರು. ರೆಕ್ಕೆ ಇನ್ನಷ್ಟು ಮುಂದೆ ಬಂದಿತ್ತು. ಕರಿಗುಡ್ಡೆಯ ಮೇಲೆ ಹತ್ತಿದರೆ ಆಪರೇಷನ್ನೇ ಎಂದರು. ಅವನ ನಗು ಅಲ್ಲೇ ನಿಂತಿತು.

ಮಾರನೆಯ ದಿನ ವಸಂತಮ್ಮ ತಾರಸಿ ಹತ್ತಿದಳು. ಮೆಟ್ಟಿಲಿಗೊಮ್ಮೆ ನಿಂತು ಉಸಿರು ಬಿಟ್ಟಳು. ನೀರಿನ ಟ್ಯಾಂಕಿನ ಪಕ್ಕ ಚಾಪೆ ಹಾಸಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಕೈಕಾಲು ಮಾತ್ರ ಬಿಸಿಲಿಗೆ ಚಾಚಿದಳು. ಮೊದಲ ದಿನ ನಾಚಿಕೆಗೆ ಬೇಗ ಇಳಿದುಬಂದಳು. ಆಮೇಲಾಮೇಲೆ ಸುಮ್ಮನೆ ಕೂರುವುದು ಬೇಸರವೆನಿಸಿ ಹುಕ್ಕು ಹಾಕುವ, ಅಂಚು ಮಡಿಸುವ ಕೈಕೆಲಸವನ್ನು ಮೇಲಕ್ಕೊಯ್ದಳು. ಮುಖ ಮುಚ್ಚಿಕೊಂಡರೆ ಸೂಜಿಗೆ ದಾರ ಪೋಣಿಸುವುದಾದರೂ ಹೇಗೆ? ಸೆರಗು ತಾನಾಗಿ ಹಿಂದೆ ಸರಿಯಿತು. ಇಷ್ಟು ವರ್ಷ ಇದೇ ಮನೆಯಲ್ಲಿದ್ದರೂ ತಾರಸಿಯಿಂದ ಚಾಮುಂಡಿಬೆಟ್ಟ ಇಡಿಯಾಗಿ ಕಾಣುತ್ತದೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಮಾರ್ಕೆಟ್ಟಿನ ಗದ್ದಲ ಇಲ್ಲಿಗೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತಿತ್ತು. ಪಕ್ಕದ ಮನೆಯ ಸುಂದರಮ್ಮ ಬಟ್ಟೆ ಹರವಲು ಬಂದವರು, "ಏನ್ರೀ ವಸಂತಮ್ಮ, ಕೊನೆಗೂ ಮುಖ ತೋರಿಸಿದ್ರಾ?" ಎಂದು ಗೋಡೆಗೊರಗಿ ಮಾತಿಗೆ ನಿಲ್ಲುತ್ತಿದ್ದರು. ಕೈ ಒಂದಿಷ್ಟು ಕಪ್ಪಾದದ್ದು ಅವಳ ಕಣ್ಣಿಗೂ ಬಿತ್ತು. ಅದನ್ನು ನೋಡಿ ಸಂಕಟವಾಗಲಿಲ್ಲವಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಷಡಕ್ಷರಿಯೂ ಈಗ ಕನ್ನಡಕ ತೆಗೆಯುತ್ತಿರಲಿಲ್ಲ. ತೊಂದರೆಯಿದ್ದದ್ದು ಟೋಪಿಯದು. ಅಂಗಡಿಯಿಂದ ತಂದದ್ದು ಕತ್ತು ಮುಚ್ಚುತ್ತಿರಲಿಲ್ಲ. ವಿಮಾನದ ಗಾಳಿಗೆ ಹಾರಿದರೆ ಎಂಬ ಭಯ ಬೇರೆ. ಅಲ್ಲಿ ಒಂದು ಚಿಂದಿ ಹಾರಿ ಎಂಜಿನ್ನಿಗೆ ಸಿಕ್ಕಿದರೂ ಅನಾಹುತ.

"ಇತ್ತ ಬನ್ನಿ" ಎಂದು ವಸಂತಮ್ಮ ಅವನ ತಲೆಯ ಸುತ್ತ ಟೇಪು ಹಿಡಿದಳು. ತಾರಸಿಯಲ್ಲೇ ಕೂತು ದಪ್ಪ ಖಾಕಿ ಬಟ್ಟೆಯನ್ನು ಕತ್ತರಿಸಿದಳು. ಮುಂದೆ ಅಗಲವಾದ ಅಂಚು, ಹಿಂದೆ ಭುಜದವರೆಗೆ ಇಳಿಯುವ ಜೋಲು, ಗದ್ದದ ಕೆಳಗೆ ಬಿಗಿಯಾಗಿ ಕೂರುವ ಪಟ್ಟಿ. ಎರಡು ಸಲ ಬಿಚ್ಚಿ ಮತ್ತೆ ಹೊಲಿದಳು. ಏರ್‌ಪೋರ್ಟಿನಲ್ಲಿ ಮೇಲಿನ ಅಧಿಕಾರಿ ಪಟ್ಟಿಯನ್ನು ಎಳೆದೆಳೆದು ನೋಡಿ, ಆಯಿತು ಹಾಕಿಕೊಳ್ಳಿ ಎಂದರು.

ಮೊದಲ ದಿನ ಜೊತೆಯಲ್ಲಿ ಲಗೇಜು ಹೊರುವ ಅಭಿಲಾಷ್ ಹೊಟ್ಟೆ ಹಿಡಿದು ನಕ್ಕ. "ಏನಣ್ಣ, ಜೇನು ಕೀಳೋಕೆ ಹೊರಟ್ರಾ?"

ಶಿವರಾತ್ರಿ ಕಳೆದು ಬಿಸಿಲು ಕಾಯತೊಡಗಿತು. ಅಭಿಲಾಷ್‌ನ ಕತ್ತು ಸುಲಿದು ಕಾಲರು ತಾಗಿದರೆ ಚುರ್ ಎನ್ನುವಂತಾಯಿತು. ಒಂದು ಮಧ್ಯಾಹ್ನ ಅವನು ಷಡಕ್ಷರಿಯ ಪಕ್ಕ ಬಂದು ಕೂತು, ಮೆಲ್ಲಗೆ, "ಅಣ್ಣ, ಅಕ್ಕಂಗೆ ಹೇಳಿ ನಂಗೂ ಒಂದು ಹೊಲ್ಸ್‌ಕೊಡಿ" ಎಂದ. ಅವನು ಕೇಳಿದ್ದೇ ತಡ, ಉಳಿದವರೂ ಬಾಯಿಬಿಟ್ಟರು. ಯಾರ ತಲೆ ಎಷ್ಟು ದೊಡ್ಡದೆಂದು ಷಡಕ್ಷರಿ ಒಂದೊಂದು ದಾರದಲ್ಲಿ ಅಳೆದು ತಂದ. ಗಂಟು ಹಾಕಿದ ದಾರಗಳನ್ನು ಮಡಿಲಲ್ಲಿ ಸುರಿದುಕೊಂಡು ವಸಂತಮ್ಮ ನಕ್ಕಳು. ರವಿಕೆಯವರಿಗೆ ಎರಡು ದಿನ ತಡವಾಗಿ ಬನ್ನಿ ಎಂದಳು.

ಯುಗಾದಿ ಮುಗಿದ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ವಿಟಮಿನ್ನು ಏರಿತ್ತು, ಮೊಣಕಾಲಿನ ನೋವೂ ಇಳಿದಿತ್ತು. ಷಡಕ್ಷರಿಯ ಕಣ್ಣಿನ ರೆಕ್ಕೆ ಹೋಗಿರಲಿಲ್ಲ, ಆದರೆ ಇದ್ದಲ್ಲೇ ನಿಂತಿತ್ತು. "ಹೀಗೇ ಇರಲಿ, ಕತ್ತರಿ ಬೇಡ" ಎಂದರು ಡಾಕ್ಟರು.

ಆ ವಾರ ಷಡಕ್ಷರಿಗೆ ರಜೆಯಿದ್ದ ದಿನ, "ನಡಿ, ನಿನ್ನ ಟೋಪಿ ನೋಡ್ಕೊಂಡು ಬರಾಣ" ಎಂದು ಹೆಂಡತಿಯನ್ನು ಮಂಡಕಳ್ಳಿಗೆ ಕರೆದುಕೊಂಡು ಹೋದ. ಬೇಲಿಯಾಚೆ ರಸ್ತೆಬದಿಯಲ್ಲಿ ಸ್ಕೂಟರ್ ನಿಲ್ಲಿಸಿ ಇಬ್ಬರೂ ಎಳನೀರು ಕುಡಿಯುತ್ತ ನಿಂತರು. ಪುಟ್ಟ ವಿಮಾನವೊಂದು ಇಳಿದು ಬಂದು ನಿಂತಿತು. ದೂರದಲ್ಲಿ ಖಾಕಿ ಜೋಲುಗಳು ಗಾಳಿಗೆ ಪಟಪಟ ಬಡಿಯುತ್ತ ಲಗೇಜಿನ ಗಾಡಿಯ ಸುತ್ತ ಓಡಾಡಿದವು. ಒಂದೂ ಹಾರಲಿಲ್ಲ.

"ಅಭಿಲಾಷ್‌ದು ವಸಿ ಸಡಿಲ ಆಗೈತೆ" ಎಂದಳು ವಸಂತಮ್ಮ, ಕಣ್ಣು ಕಿರಿದು ಮಾಡಿ.

"ಇಲ್ಲಿಂದ ಕಾಣ್ತದಾ ನಿಂಗೆ?"

"ಹೊಲ್ದವ್ಳಿಗೆ ಕಾಣಲ್ವಾ? ನಾಳೆ ತತ್ತಾ ಅನ್ನಿ, ಒಂದು ಟಕ್ಕು ಹಾಕಿ ಬಿಗಿ ಮಾಡ್‌ಕೊಡ್ತೀನಿ."

ಷಡಕ್ಷರಿ ತನ್ನ ಕಪ್ಪು ಕನ್ನಡಕ ತೆಗೆದು ಅವಳಿಗೆ ಹಾಕಿದ. ಅವಳು ಬೇಡವೆನ್ನಲಿಲ್ಲ. ಎಳನೀರಿನವನಿಗೆ ಬುರುಡೆಯೊಳಗಿನ ಗಂಜಿ ಕೆತ್ತಿಕೊಡಪ್ಪ ಎಂದು ಹೇಳಿ, ವಿಮಾನ ಮತ್ತೆ ಹೊರಡುವವರೆಗೂ ನೋಡುತ್ತ ನಿಂತಳು.